ಇಲಿ ಬಿದ್ದರೆ ಊರು ಬಿಟ್ಟರು, ಮಂಗ ಸತ್ತರೆ ಕಾಡು ಬಿಡಲಿಲ್ಲ

ಪ್ರತಿ ವರ್ಷ ಡಿಸೆಂಬರ್ ಹೊತ್ತಿಗೆ ನಮ್ಮ ಜಿಲ್ಲೆಯ ವರದಿಗಾರರಿಗೆಲ್ಲ ಒಂದೇ ಧಾಟಿಯ ಪ್ರಕಟಣೆ ಬರುತ್ತದೆ. ಕಾಡಿಗೆ ಹೋಗಬೇಡಿ. ಹೋಗಲೇಬೇಕಾದರೆ ಕೈಕಾಲಿಗೆ ಎಣ್ಣೆ ಹಚ್ಚಿಕೊಳ್ಳಿ, ಮೈತುಂಬ ಬಟ್ಟೆ ಹಾಕಿಕೊಳ್ಳಿ, ಬಂದ ಮೇಲೆ ಬಿಸಿನೀರಿನಲ್ಲಿ ಸ್ನಾನ ಮಾಡಿ. ಸತ್ತ ಮಂಗ ಕಂಡರೆ ಆರೋಗ್ಯ ಕೇಂದ್ರಕ್ಕೆ ತಿಳಿಸಿ. ಮಂಗನ ಕಾಯಿಲೆಯ ದಿನಗಳು ಶುರುವಾದವು ಎಂದು ಅದರ ಅರ್ಥ. ಜನವರಿ, ಫೆಬ್ರುವರಿಯಲ್ಲಿ ಕೊಪ್ಪ, ನರಸಿಂಹರಾಜಪುರ, ಶೃಂಗೇರಿ ಕಡೆ ಪ್ರಕರಣಗಳು ಬಂದಾಗ ಸುದ್ದಿಯ ಕೊನೆಗೆ ಇನ್ನೊಂದು ವಾಕ್ಯ ಸೇರುತ್ತದೆ: ಜನರಲ್ಲಿ ಜಾಗೃತಿಯ ಕೊರತೆ.

ಈ ವಾಕ್ಯ ನಿಜವೇ? ಮಲೆನಾಡಿನ ಜನ ರೋಗದ ವಿಷಯದಲ್ಲಿ ಹೇಳಿದ ಮಾತು ಕೇಳದವರೇ? ಹಾಗಾದರೆ ಇದೇ ಗುಡ್ಡಗಳ ಮುತ್ತಜ್ಜ, ಮುತ್ತಜ್ಜಿಯರು ಇಲಿ ಸತ್ತದ್ದು ಕಂಡ ದಿನವೇ ಪಾತ್ರೆಪಗಡಿ ಕಟ್ಟಿಕೊಂಡು ಮನೆ ಖಾಲಿ ಮಾಡುತ್ತಿದ್ದುದು ಹೇಗೆ? ಇಲಿ ಬಿದ್ದರೆ ಊರನ್ನೇ ಬಿಟ್ಟ ಜನ, ಮಂಗ ಸತ್ತರೆ ಕಾಡಿನ ಅಂಚನ್ನು ಯಾಕೆ ಬಿಡುತ್ತಿಲ್ಲ? ಈ ಪ್ರಶ್ನೆಗೆ ಉತ್ತರ ಹುಡುಕಲು ಸುಮಾರು ಇನ್ನೂರು ವರ್ಷಗಳ ನಮ್ಮದೇ ಚರಿತ್ರೆಯನ್ನು ತಿರುವಿ ನೋಡಬೇಕು.

ಪ್ಲೇಗಿನ ಕಾಲ

1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಪ್ಲೇಗು ರೈಲು ಹಳಿಯ ಜೊತೆಗೇ ದಕ್ಷಿಣಕ್ಕೆ ಇಳಿಯಿತು. ಹುಬ್ಬಳ್ಳಿಯನ್ನು ಹಾದು 1898ರ ಆಗಸ್ಟ್‌ನಲ್ಲಿ ಬೆಂಗಳೂರು ತಲುಪಿತು. ಅಲ್ಲಿಂದ ಮೈಸೂರು ಸಂಸ್ಥಾನದ ಊರೂರಿಗೆ ಹರಡಿತು. ನಮ್ಮ ಜಿಲ್ಲೆಗೆ ಆಗ ಕಡೂರು ಜಿಲ್ಲೆ ಎಂದೇ ಹೆಸರು. ಬಯಲುಸೀಮೆಯ ತುದಿಯೂ ಮಲೆನಾಡಿನ ಬಾಗಿಲೂ ಎರಡೂ ಇದ್ದ ಈ ಜಿಲ್ಲೆಯಲ್ಲಿ ಪ್ಲೇಗು ಒಂದು ತಲೆಮಾರಿನ ನೆನಪನ್ನೇ ತುಂಬಿತು. ಹಳಬರು ಕಾಲ ಗುರುತಿಸುವುದಕ್ಕೂ ಅದನ್ನೇ ಬಳಸುತ್ತಿದ್ದರು: ಪ್ಲೇಗ್ ಬಂದ ವರ್ಷ ಹುಟ್ಟಿದವನು, ಪ್ಲೇಗಿನ ಶೆಡ್ಡಿನಲ್ಲಿ ಮದುವೆಯಾದವಳು ಎಂದು.

ಸರ್ಕಾರ ಮೊದಲು ಹಿಡಿದದ್ದು ಬಲವಂತದ ದಾರಿ. 1897ರ ಫೆಬ್ರುವರಿಯಲ್ಲಿ ಬ್ರಿಟಿಷರು ತಂದ ಸಾಂಕ್ರಾಮಿಕ ರೋಗಗಳ ಕಾಯಿದೆ ಅಧಿಕಾರಿಗಳಿಗೆ ಮಿತಿಯಿಲ್ಲದ ಅಧಿಕಾರ ಕೊಟ್ಟಿತ್ತು. ಕೊರೊನಾ ಕಾಲದಲ್ಲೂ ಜಾರಿಗೆ ಬಂದದ್ದು ಇದೇ ಕಾಯಿದೆ. ಪುಣೆಯಲ್ಲಿ ಸೈನಿಕರು ಮನೆಮನೆಗೆ ನುಗ್ಗಿ ರೋಗಿಗಳನ್ನು ಹುಡುಕಿದರು. ಹೆಂಗಸರ ಮೈ ಮುಟ್ಟಿ ಪರೀಕ್ಷೆ ಮಾಡಿದರು ಎಂಬ ಸಿಟ್ಟು ಎಲ್ಲೆಡೆ ಹಬ್ಬಿತು. 1897ರ ಜೂನ್ 22ರಂದು ಅಲ್ಲಿನ ಪ್ಲೇಗ್ ಅಧಿಕಾರಿ ರ‍್ಯಾಂಡ್‌ಗೆ ಚಾಪೇಕರ್ ಸಹೋದರರು ಗುಂಡು ಹೊಡೆದರು. ಮೈಸೂರು ಸಂಸ್ಥಾನವೂ ಇದರಿಂದ ಹೊರತಾಗಲಿಲ್ಲ. 1898ರ ಕೊನೆಯಲ್ಲಿ ಶ್ರೀರಂಗಪಟ್ಟಣದ ಪಕ್ಕದ ಗಂಜಾಂನಲ್ಲಿ ಪ್ಲೇಗ್ ಕ್ರಮಗಳ ವಿರುದ್ಧ ಜನ ದಂಗೆ ಎದ್ದರು.

ಜನ ವಿರೋಧಿಸಿದ್ದು ಏನನ್ನು ಎಂಬುದನ್ನು ಗಮನಿಸಬೇಕು. ರೋಗಿಯನ್ನು ಮನೆಯವರಿಂದ ಬೇರೆ ಮಾಡಿ ಕ್ಯಾಂಪಿಗೆ ಸಾಗಿಸುವುದು, ಸಂಪರ್ಕದಲ್ಲಿದ್ದವರನ್ನು ಇನ್ನೊಂದು ಕಡೆ ಕೂಡಿಹಾಕುವುದು, ಹೆಣವನ್ನು ತಡೆದು ಪರೀಕ್ಷಿಸುವುದು, ಬಟ್ಟೆಬರೆ ಸುಡುವುದು, ಹೆಂಚು ಕಿತ್ತು ಮನೆಗೆ ಬಿಸಿಲು ಬಿಡುವುದು. ಇವೆಲ್ಲ ಹೊರಗಿನವರು ಬಂದು ಒಂದು ಸಂಸಾರದ ಮೇಲೆ ಮಾಡುವ ಕೆಲಸಗಳು. ಗಂಡನನ್ನು ಒಂದು ಕಡೆ, ಹೆಂಡತಿಯನ್ನು ಒಂದು ಕಡೆ ಇಡುವ ಕೆಲಸಗಳು. ಕ್ಯಾಂಪಿಗೆ ಹೋದವರು ವಾಪಸ್ ಬರುವುದಿಲ್ಲ ಎಂಬ ಗಾಳಿಮಾತಿಗೆ ಅಷ್ಟು ಸಾಕಾಗಿತ್ತು.

ಅದೇ ಜನ ತಾವಾಗಿ ಮಾಡಿದ್ದು ಇನ್ನೊಂದನ್ನು. ಮನೆಯಲ್ಲಿ, ಕಣಜದ ಮೂಲೆಯಲ್ಲಿ ಇಲಿ ಸತ್ತು ಬಿದ್ದರೆ ಊರಿಗೆ ಊರೇ ಹೊರಟು ಬಯಲಿನಲ್ಲಿ, ತೋಟದಲ್ಲಿ, ಗದ್ದೆಯ ದಿಬ್ಬದಲ್ಲಿ ಹುಲ್ಲು, ಸೋಗೆ, ತಡಿಕೆಯ ಗುಡಿಸಲು ಹಾಕಿಕೊಂಡಿತು. ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಅಲ್ಲೇ ವಾಸ. ಅಲ್ಲೇ ಹೆರಿಗೆ, ಅಲ್ಲೇ ಹಬ್ಬ. ಸುಲಭದ ಕೆಲಸವೇನೂ ಆಗಿರಲಿಲ್ಲ. ಬಿಟ್ಟು ಬಂದ ಮನೆಗೆ ಕಳ್ಳರ ಕಾಟ, ಗುಡಿಸಲಿಗೆ ಚಳಿ, ಮಕ್ಕಳಿಗೆ ಜ್ವರ. ಆದರೂ ಹೋದರು. ಏಕೆಂದರೆ ಸಂಸಾರ ಒಟ್ಟಿಗೇ ಹೋಗುತ್ತಿತ್ತು, ಒಲೆ ಅವರದ್ದೇ, ಹೊರಡುವ ತೀರ್ಮಾನ ಊರಿನದ್ದು. ಎಲ್ಲಕ್ಕಿಂತ ಹೆಚ್ಚಾಗಿ, ಯಾವಾಗ ಹೊರಡಬೇಕು ಎಂದು ಹೇಳುವ ಗುರುತು ಯಾವ ಅಧಿಕಾರಿಯ ಕೈಯಲ್ಲೂ ಇರಲಿಲ್ಲ. ಅದು ಮನೆಯ ಮೂಲೆಯಲ್ಲೇ ಬಿದ್ದಿರುತ್ತಿತ್ತು.

ಪ್ಲೇಗು ಇಲಿಯ ಮೈಮೇಲಿನ ಚಿಗಟದಿಂದ ಬರುತ್ತದೆ ಎಂದು ಫ್ರಾನ್ಸಿನ ವೈದ್ಯ ಪಾಲ್ ಲೂಯಿ ಸಿಮೊಂಡ್ ಕರಾಚಿಯಲ್ಲಿ ಪ್ರಯೋಗ ಮಾಡಿ ಹೇಳಿದ್ದು 1898ರಲ್ಲಿ. ಅದನ್ನು ಭಾರತದ ಪ್ಲೇಗ್ ಸಂಶೋಧಕರು ಖಚಿತಪಡಿಸಲು 1905ರ ನಂತರದ ವರ್ಷಗಳೇ ಬೇಕಾದವು. ಅಷ್ಟರೊಳಗೆ ಹಳ್ಳಿಗರು ಇಲಿಯನ್ನು ಕಂಡು ಓಡುವುದನ್ನು ರೂಢಿ ಮಾಡಿಕೊಂಡಾಗಿತ್ತು. ಸರ್ಕಾರವೂ ಬಗ್ಗಿತು. ಬಲವಂತದ ಶೋಧನೆ, ಕೂಡಿಹಾಕುವಿಕೆ ಸಡಿಲವಾಗಿ, ಊರು ತೆರವು ಮಾಡುವವರಿಗೆ ಸಹಾಯ ಮಾಡುವುದು, ಒಪ್ಪಿ ಬಂದವರಿಗೆ ಹಾಫ್ಕಿನ್ ಲಸಿಕೆ ಹಾಕುವುದು ನೀತಿಯಾಯಿತು. ಬೆಂಗಳೂರಿನಲ್ಲಿ ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ವೇಗವಾಗಿ ಬೆಳೆದದ್ದೂ ಪ್ಲೇಗಿನ ಹೊಡೆತದಿಂದಲೇ. ಅದೂ ಒಂದು ರೀತಿಯಲ್ಲಿ ಊರು ಬಿಡುವುದೇ, ಕಲ್ಲು ಗಾರೆಯಲ್ಲಿ.

ಎಲ್ಲ ಕಡೆಯೂ ಗುರುತು ಸರಿಯಾಗಿ ಓದಲ್ಪಟ್ಟಿತು ಎಂದೇನಲ್ಲ. ಯು.ಆರ್. ಅನಂತಮೂರ್ತಿ ಅವರ ‘ಸಂಸ್ಕಾರ’ (1965) ಓದಿದವರಿಗೆ ನೆನಪಿರುತ್ತದೆ. ಮಲೆನಾಡಿನ ಅಗ್ರಹಾರದಲ್ಲಿ ಇಲಿಗಳು ಸಾಯುತ್ತಿದ್ದರೂ ಊರು ಅದನ್ನು ಹೆಣಕ್ಕೆ ಸಂಸ್ಕಾರವಾಗದ ದೋಷ ಎಂದೇ ತಿಳಿಯುತ್ತದೆ. ಅದು ಕಾದಂಬರಿ. ಆದರೆ ಅದು ಹೇಳುವ ಮಾತು ನಿಜ: ಗುರುತು ಕಣ್ಣಿಗೆ ಬಿದ್ದರೆ ಸಾಲದು, ಅದರ ಅರ್ಥವನ್ನು ಊರಿಗೆ ಯಾರಾದರೂ ಮೊದಲೇ ಹೇಳಿರಬೇಕು.

ಅಮ್ಮ, ಬೇವು ಮತ್ತು ಇಬ್ಬರು ರಾಣಿಯರು

ಪ್ಲೇಗಿಗಿಂತ ಹಳೆಯದು ಸಿಡುಬು. ಮನೆಯಲ್ಲಿ ‘ಅಮ್ಮ’ ಆಗಿದೆ ಎಂದರೆ ಬಾಗಿಲಿಗೆ ಬೇವಿನ ಸೊಪ್ಪು ಕಟ್ಟುತ್ತಿದ್ದರು. ಹೊರಗಿನವರು ಒಳಗೆ ಬರುವಂತಿಲ್ಲ, ಒಳಗಿನವರು ಹಬ್ಬ, ಮದುವೆಗೆ ಹೋಗುವಂತಿಲ್ಲ. ರೋಗಿಗೆ ಬೇರೆ ಕೋಣೆ, ಒಗ್ಗರಣೆಯ ಘಾಟಿಲ್ಲದ ಅಡುಗೆ, ಕೊನೆಗೆ ಬೇವಿನ ನೀರಿನ ಸ್ನಾನ. ಇವೆಲ್ಲ ದೇವಿಯ ಹೆಸರಿನಲ್ಲಿ ನಡೆಯುತ್ತಿದ್ದ ಕಟ್ಟುಪಾಡುಗಳು. ಇದರಿಂದ ಸಿಡುಬು ನಿಲ್ಲಲಿಲ್ಲ, ಲಕ್ಷಾಂತರ ಜನ ಸತ್ತರು, ಕಣ್ಣು ಕಳೆದುಕೊಂಡರು. ಆದರೆ ಬಾಗಿಲಿನ ಬೇವು ಕಂಡು ಹಿಂದೆ ಸರಿಯುವ ಅಭ್ಯಾಸ ಉಳಿಯಿತು. ಅದಕ್ಕೆ ಪೊಲೀಸರು ಬೇಕಾಗಲಿಲ್ಲ. ರೋಗಿಗೆ ಅದರಿಂದ ಅವಮಾನವೂ ಇರಲಿಲ್ಲ, ದೇವಿ ಮನೆಗೆ ಬಂದಿದ್ದಾಳೆ ಎಂಬ ಗೌರವವೇ ಇತ್ತು. 2020ರಲ್ಲಿ ಕ್ವಾರಂಟೈನ್ ಆದ ಮನೆಗಳ ಗೋಡೆಗೆ ನೋಟಿಸ್ ಅಂಟಿಸಿದಾಗ ಜನ ಯಾಕೆ ಅಷ್ಟು ಕುಗ್ಗಿದರು ಎಂದು ಯೋಚಿಸುವವರು ಬೇವಿನ ಸೊಪ್ಪನ್ನೂ ಆ ಕಾಗದವನ್ನೂ ಒಟ್ಟಿಗೆ ಇಟ್ಟು ನೋಡಬೇಕು. ಎರಡೂ ಹೇಳಿದ್ದು ಒಳಗೆ ಬರಬೇಡಿ ಎಂದೇ. ಒಂದು ಆ ಮನೆಯ ಮಾನ ಉಳಿಸಿತು, ಇನ್ನೊಂದು ಕಳೆಯಿತು.

ಸಿಡುಬಿನ ಲಸಿಕೆಯ ಕತೆಯಲ್ಲಿ ಮೈಸೂರಿಗೆ ವಿಶೇಷ ಜಾಗವಿದೆ. ಜೆನ್ನರ್ ಕಂಡುಹಿಡಿದ ಗೋವಿನ ಸಿಡುಬಿನ ಲಸಿಕೆಯನ್ನು ಭಾರತದಲ್ಲಿ ಮೊದಲು ಹಾಕಿದ್ದು 1802ರ ಜೂನ್‌ನಲ್ಲಿ, ಮುಂಬಯಿಯ ಒಂದು ಮಗುವಿಗೆ. ಮೂರು ವರ್ಷ ಕಳೆದು, 1805ರಲ್ಲಿ ಥಾಮಸ್ ಹಿಕ್ಕಿ ಎಂಬ ಕಲಾವಿದ ಮೈಸೂರಿನ ರಾಜಮನೆತನದ ಹೆಂಗಸರ ಚಿತ್ರ ಬರೆದ. ಅದರಲ್ಲಿ ಎಳೆಯ ರಾಣಿಯೊಬ್ಬಳು ಸೀರೆ ಸರಿಸಿ ತೋಳು ತೋರಿಸುತ್ತಿದ್ದಾಳೆ. ಮುಮ್ಮಡಿ ಕೃಷ್ಣರಾಜ ಒಡೆಯರ ರಾಣಿ ದೇವಾಜಮ್ಮಣ್ಣಿ ತಾನು ಲಸಿಕೆ ಹಾಕಿಸಿಕೊಂಡ ಜಾಗವನ್ನು ತೋರಿಸುತ್ತಿರುವ ಚಿತ್ರ ಇದು ಎಂದು ಚರಿತ್ರಕಾರರು ಅರ್ಥ ಮಾಡಿದ್ದಾರೆ. ಚಿತ್ರದ ನಡುವೆ ನಿಂತವರು ಲಕ್ಷ್ಮಮ್ಮಣ್ಣಿ. ರಾಜಮನೆತನ ಸಿಡುಬಿನಿಂದ ನೊಂದಿತ್ತು, ಅಂತಃಪುರದ ಹೆಂಗಸರೇ ಮುಂದೆ ಬಂದು ತೋಳು ತೋರಿಸಿದರೆ ಪ್ರಜೆಗಳ ಹಿಂಜರಿಕೆ ಕಡಿಮೆಯಾಗುತ್ತದೆ ಎಂಬ ಲೆಕ್ಕ ಕಂಪನಿಯವರಿಗೂ ಇತ್ತು. ಹೇಳುವವರು ಮೊದಲು ತಾವು ಮಾಡಿ ತೋರಿಸಬೇಕು ಎಂಬ ತಿಳಿವಳಿಕೆ ಆಗಲೇ ಇತ್ತು ಎನ್ನುವುದಕ್ಕೆ ಇದಕ್ಕಿಂತ ಚೆಂದದ ಸಾಕ್ಷಿ ಸಿಗುವುದು ಕಷ್ಟ.

ಲಸಿಕೆಯ ಮೇಲಿನ ನಂಬಿಕೆ ಎಷ್ಟು ಬೇಗ ಮುರಿಯುತ್ತದೆ ಎಂಬುದಕ್ಕೂ ಸಾಕ್ಷಿ ಇದೆ. 1902ರ ಅಕ್ಟೋಬರ್‌ನಲ್ಲಿ ಪಂಜಾಬಿನ ಮಲ್ಕೋವಾಲ್ ಎಂಬ ಹಳ್ಳಿಯಲ್ಲಿ ಹಾಫ್ಕಿನ್‌ನ ಪ್ಲೇಗ್ ಲಸಿಕೆ ಹಾಕಿಸಿಕೊಂಡ 19 ಮಂದಿ ಧನುರ್ವಾಯುವಿನಿಂದ ಸತ್ತರು. ಒಂದು ಬಾಟಲಿ ಕೆಟ್ಟಿತ್ತು. ಅಷ್ಟಕ್ಕೇ ಇಡೀ ದೇಶದ ಲಸಿಕೆ ಕಾರ್ಯಕ್ರಮ ಕುಂಟಿತು.

ಮಲೇರಿಯಾ: ತಿಗಣೆ ಸತ್ತದ್ದಕ್ಕೆ ಖುಷಿ

ಮೂಡಿಗೆರೆ, ಕಳಸ, ಕೊಪ್ಪ ಕಡೆಯ ಹಳೆಯ ಸಂಸಾರಗಳನ್ನು ಕರಗಿಸಿದ ರೋಗ ಎಂದರೆ ಮಲೇರಿಯಾ. ಮಲೆನಾಡಿನ ಜನಸಂಖ್ಯೆಯೇ ಕುಗ್ಗುತ್ತಿದೆ ಎಂಬ ಆತಂಕ ಮೈಸೂರು ಸಂಸ್ಥಾನಕ್ಕೆ ಇತ್ತು. ಸರ್ ಎಂ. ವಿಶ್ವೇಶ್ವರಯ್ಯ ದಿವಾನರಾಗಿದ್ದಾಗ ಮಲೆನಾಡು ಸುಧಾರಣೆಗೆಂದೇ ಯೋಜನೆ ಮಾಡಲಾಯಿತು. ಮುಂದೆ ಅಮೆರಿಕದ ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಲ್ಲಿ ಸಂಸ್ಥಾನದ ಆರೋಗ್ಯ ಇಲಾಖೆ ಮಲೇರಿಯಾ ಅಧ್ಯಯನ ನಡೆಸಿತು, ಮೂಡಿಗೆರೆಯೂ ಅದರ ಒಂದು ತಾಣವಾಗಿತ್ತು. ನಮ್ಮ ತೊರೆ, ಹಳ್ಳಗಳ ಹರಿಯುವ ತಿಳಿನೀರಿನಲ್ಲಿ ಹುಟ್ಟುವ ಅನಾಫಿಲಿಸ್ ಫ್ಲುವಿಯಾಟಿಲಿಸ್ ಎಂಬ ಸೊಳ್ಳೆ ಇಲ್ಲಿನ ಜ್ವರಕ್ಕೆ ಮುಖ್ಯ ಕಾರಣ. ನಿಂತ ಕೊಚ್ಚೆ ಮುಚ್ಚಿದರೆ ಮಲೇರಿಯಾ ಹೋಗುತ್ತದೆ ಎಂಬ ಬಯಲುಸೀಮೆಯ ಉಪದೇಶ ಅದಕ್ಕೇ ಇಲ್ಲಿ ಹೊಂದುತ್ತಿರಲಿಲ್ಲ.

ಆ ಕಾಲದ ಔಷಧ ಕ್ವಿನೈನ್. ವಿಪರೀತ ಕಹಿ, ಕಿವಿ ಗುಂಯ್ ಎನ್ನುತ್ತದೆ. ಜ್ವರ ಬಿಟ್ಟ ದಿನವೇ ಜನ ಅದನ್ನೂ ಬಿಡುತ್ತಿದ್ದರು. ಘಟ್ಟದ ಕೆಳಗಿನಿಂದ ಕೆಲಸಕ್ಕೆ ಬಂದ ಆಳುಗಳಿಗಂತೂ ಒಂದು ದಿನ ಮಲಗಿದರೆ ಒಂದು ದಿನದ ಕೂಲಿ ಹೋಯಿತು. ಹಾಗಾಗಿ ಕಂಬಳಿ ಹೊದ್ದು, ನಡುಗುತ್ತಲೇ ಕೆಲಸಕ್ಕೆ ಹೋಗುವುದು ಸಾಮಾನ್ಯವಾಗಿತ್ತು.

ಚಿತ್ರ ಬದಲಾದದ್ದು ಡಿಡಿಟಿ ಬಂದಾಗ. 1953ರಲ್ಲಿ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಶುರುವಾಯಿತು, 1958ರಲ್ಲಿ ಅದನ್ನೇ ನಿರ್ಮೂಲನ ಕಾರ್ಯಕ್ರಮವೆಂದು ಕರೆದರು. ಸ್ವಾತಂತ್ರ್ಯದ ವೇಳೆಗೆ ದೇಶದಲ್ಲಿ ವರ್ಷಕ್ಕೆ ಸುಮಾರು 7.5 ಕೋಟಿ ಜನರಿಗೆ ಮಲೇರಿಯಾ ಬರುತ್ತಿತ್ತು, 8 ಲಕ್ಷ ಜನ ಸಾಯುತ್ತಿದ್ದರು ಎಂಬ ಅಂದಾಜಿದೆ. 1965ರ ಹೊತ್ತಿಗೆ ಅದು ಸುಮಾರು 1 ಲಕ್ಷ ಪ್ರಕರಣಕ್ಕೆ ಇಳಿದಿತ್ತು. ಪಂಪು ಹೊತ್ತು ಬಂದ ಸಿಬ್ಬಂದಿಯನ್ನು ಜನ ಮನೆಯೊಳಗೆ, ದೇವರ ಕೋಣೆಯ ತನಕ ಬಿಟ್ಟುಕೊಂಡರು. ಸೊಳ್ಳೆಯ ವಿಜ್ಞಾನ ಅರ್ಥವಾಗಿತ್ತು ಎಂಬುದಷ್ಟೇ ಕಾರಣವಲ್ಲ. ಡಿಡಿಟಿ ಹೊಡೆದ ರಾತ್ರಿಯಿಂದ ತಿಗಣೆ ಕಾಟ ನಿಲ್ಲುತ್ತಿತ್ತು! ಮಲೇರಿಯಾ ಬರಲಿಲ್ಲ ಎಂಬುದು ಕಣ್ಣಿಗೆ ಕಾಣುವುದಿಲ್ಲ. ಮಂಚದ ಸಂದಿಯ ತಿಗಣೆ ಸತ್ತದ್ದು ಮರುದಿನವೇ ಕಾಣುತ್ತದೆ. ಕೆಲವು ವರ್ಷಗಳಲ್ಲಿ ತಿಗಣೆಗಳು ಆ ವಿಷಕ್ಕೆ ಒಗ್ಗಿಕೊಂಡವು. ದೇಶದ ಹಲವು ಕಡೆ ಜನರ ಉತ್ಸಾಹವೂ ಅಲ್ಲಿಗೇ ಇಳಿಯಿತು. ಗೋಡೆ ಕಲೆಯಾಗುತ್ತದೆ, ವಾಸನೆ ಬರುತ್ತದೆ ಎಂದು ಬಾಗಿಲು ಹಾಕಿಕೊಂಡರು. ಹೊಡೆಸಿಕೊಂಡವರೂ ಹಬ್ಬ ಬಂತೆಂದು ಗೋಡೆಗೆ ಕೆಮ್ಮಣ್ಣು, ಸುಣ್ಣ ಬಳಿದು ಔಷಧವನ್ನು ಮುಚ್ಚಿಬಿಟ್ಟರು. ಸರ್ಕಾರದ ಕಡೆಯಿಂದಲೂ ಹಣ, ನಿಗಾ ಸಡಿಲವಾಯಿತು. ಸೊಳ್ಳೆಗಳೂ ಡಿಡಿಟಿಗೆ ಒಗ್ಗಿಕೊಂಡವು. 1976ರಲ್ಲಿ ದೇಶದ ಮಲೇರಿಯಾ ಪ್ರಕರಣಗಳು 64 ಲಕ್ಷ ದಾಟಿದವು.

ತಿಗಣೆಯ ಈ ಕತೆ ಸಣ್ಣದಲ್ಲ. ಮುಂದೆಂದೋ ಬರಬಹುದಾದ ರೋಗದ ಹೆಸರಿನಲ್ಲಿ ಇವತ್ತು ತೊಂದರೆ ಪಡಲು ಯಾರಿಗೂ ಕಷ್ಟ. ಇವತ್ತೇ ಸಿಗುವ ಒಂದು ಸಣ್ಣ ಲಾಭ ಜೊತೆಗಿದ್ದರೆ ಅದೇ ಕೆಲಸ ಸಲೀಸು. 1950ರ ದಶಕದಲ್ಲಿ ಅಮೆರಿಕದ ಆರೋಗ್ಯ ಇಲಾಖೆಯ ಮನಶ್ಶಾಸ್ತ್ರಜ್ಞರು, ಉಚಿತವಾಗಿ ಕ್ಷಯ ತಪಾಸಣೆ ಮಾಡುತ್ತೇವೆಂದರೂ ಜನ ಯಾಕೆ ಬರುವುದಿಲ್ಲ ಎಂದು ಹುಡುಕಲು ಹೊರಟು ಇದೇ ಬಗೆಯ ತೀರ್ಮಾನಕ್ಕೆ ಬಂದರು. ರೋಗ ನನಗೂ ಬರಬಹುದೇ, ಬಂದರೆ ಎಷ್ಟು ಕಷ್ಟ, ಈ ಕ್ರಮದಿಂದ ನಿಜವಾಗಿ ಉಪಯೋಗವಿದೆಯೇ, ಇದಕ್ಕೆ ನಾನು ಕೊಡುವ ಬೆಲೆ ಎಷ್ಟು ಎಂಬ ನಾಲ್ಕು ಲೆಕ್ಕವನ್ನು ಮನುಷ್ಯ ಹಾಕುತ್ತಾನೆ ಎಂದರು. ನಮ್ಮ ಲೈನ್ ಮನೆಯ ಹೆಂಗಸೂ ಹಾಕುವುದು ಇದೇ ಲೆಕ್ಕವನ್ನು.

ಮಂಗನ ಕಾಯಿಲೆ: ಗುರುತು ಇದೆ, ದಾರಿ ಇಲ್ಲ

1957ರ ಮಾರ್ಚ್‌ನಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯುತ್ತಿವೆ, ಸುತ್ತಲಿನ ಹಳ್ಳಿಗಳಲ್ಲಿ ವಿಚಿತ್ರ ಜ್ವರ ಎಂಬ ಸುದ್ದಿ ಹೊರಬಿತ್ತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು ಹೊಸ ವೈರಸ್ ಒಂದನ್ನು ಪತ್ತೆ ಮಾಡಿದರು. ಪ್ರಪಂಚಕ್ಕೆ ಅದು ಕ್ಯಾಸನೂರು ಅರಣ್ಯ ರೋಗ, ನಮಗೆ ಮಂಗನ ಕಾಯಿಲೆ. ಹರಡುವುದು ಉಣುಗಿನಿಂದ. ಜ್ವರ, ತಲೆನೋವು, ಸೊಂಟ ಮುರಿಯುವ ನೋವು, ಕೆಲವರಿಗೆ ರಕ್ತಸ್ರಾವ. ರೋಗ ಬಂದ ನೂರರಲ್ಲಿ ಮೂರರಿಂದ ಐದು ಜನ ಸಾಯುತ್ತಾರೆ. 1980ರ ದಶಕದ ಆರಂಭದಲ್ಲಿ ಚಾರ್ಮಾಡಿ ಘಾಟಿಯ ಕೆಳಗಿನ ಬೆಳ್ತಂಗಡಿ ತಾಲ್ಲೂಕಿನಲ್ಲಿ ಕಾಡು ಕಡಿದ ಬೆನ್ನಿಗೇ ದೊಡ್ಡದಾಗಿ ಕಾಣಿಸಿಕೊಂಡಿತು. 2012ರ ನಂತರ ಬಂಡೀಪುರ, ವಯನಾಡು, ಗೋವಾ, ಸಿಂಧುದುರ್ಗದವರೆಗೂ ಹೋಯಿತು. 2018-19ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಸಾವುಗಳಿಂದ ನಲುಗಿತು. 2024ರ ಆರಂಭದಲ್ಲಿ ನಮ್ಮ ಜಿಲ್ಲೆಯಲ್ಲೂ ಸಾವು ಸಂಭವಿಸಿತು.

ಇಲ್ಲಿ ಪ್ಲೇಗಿನ ಇಲಿಯಂಥದೇ ಗುರುತು ಇದೆ. ಸತ್ತ ಮಂಗ. ಮಂಗ ಸತ್ತು ಮೈ ತಣ್ಣಗಾಗುತ್ತಿದ್ದಂತೆ ಉಣುಗುಗಳು ಇಳಿದು ಸುತ್ತಲ ನೆಲಕ್ಕೆ ಹರಡುತ್ತವೆ. ಅದಕ್ಕೇ ಹೆಣ ಸುಟ್ಟು, ಸುತ್ತಲಿನ 50 ಮೀಟರ್ ಜಾಗಕ್ಕೆ ಔಷಧ ಸಿಂಪಡಿಸಬೇಕು ಎಂಬ ನಿಯಮ. ಹನುಮಂತನ ಸ್ವರೂಪ ಎಂದು ಸತ್ತ ಮಂಗಕ್ಕೆ ಸ್ನಾನ ಮಾಡಿಸಿ, ಹೂ ಹಾಕಿ ಮಣ್ಣು ಮಾಡುವ ಭಕ್ತಿ ನಮ್ಮಲ್ಲಿದೆ. ಆ ಭಕ್ತಿಗೆ ಬೈಯುವುದಕ್ಕಿಂತ, ಮುಟ್ಟದೆ ದೂರ ನಿಂತು ಇಲಾಖೆಯವರಿಂದಲೇ ಸಂಸ್ಕಾರ ಆಗಲಿ ಎಂದು ಹೇಳುವುದು ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಆದರೆ ಗುರುತು ಕಂಡ ಮೇಲೆ ಏನು ಮಾಡಬೇಕು? ಇಲ್ಲೇ ಪ್ಲೇಗಿಗೂ ಇದಕ್ಕೂ ವ್ಯತ್ಯಾಸ. ಇಲಿ ಸತ್ತದ್ದು ಮನೆಯಲ್ಲಿ, ಓಡಿದ್ದು ಅನ್ನ ಸಿಗುವ ಹೊಲ ಗದ್ದೆ ತೋಟದ ಕಡೆಗೆ. ಮಂಗ ಸಾಯುವುದು ಅನ್ನ ಸಿಗುವ ಜಾಗದಲ್ಲೇ. ಉಣುಗಿನ ಮರಿಗಳು ಮನುಷ್ಯರನ್ನು ಹೆಚ್ಚಾಗಿ ಕಚ್ಚುವುದು ನವೆಂಬರ್‌ನಿಂದ ಮೇ ತನಕ. ಅರೇಬಿಕಾ ಹಣ್ಣು ಕುಯ್ಲು, ಅದರ ಹಿಂದೆಯೇ ರೊಬಸ್ಟಾ ಕುಯ್ಲು, ಅಡಿಕೆ ಕೊಯ್ಲು, ಕಾಳುಮೆಣಸು, ಕೊಟ್ಟಿಗೆಗೆ ದರಗು ಗುಡಿಸುವುದು, ಮಳೆಗಾಲಕ್ಕೆ ಸೌದೆ ಕೂಡಿಡುವುದು ಎಲ್ಲವೂ ಇದೇ ತಿಂಗಳುಗಳಲ್ಲಿ. ನೆರಳು ಮರಗಳ ಕೆಳಗಿನ ಕಾಫಿ ತೋಟಕ್ಕೂ ಪಕ್ಕದ ಕಾಡಿಗೂ ನಡುವೆ ಬೇಲಿ ಇರಬಹುದು, ಮಂಗಕ್ಕೆ ಅದು ಲೆಕ್ಕಕ್ಕಿಲ್ಲ. ಇಂಥಲ್ಲಿ ಕಾಡಿಗೆ ಹೋಗಬೇಡಿ ಎಂಬ ಸಲಹೆಯನ್ನು ವರ್ಷದ ದುಡಿಮೆ ಬಿಡಿ ಎಂದು ಓದಿಕೊಳ್ಳುವವರನ್ನು ತಪ್ಪು ಎನ್ನುವಂತಿಲ್ಲ.

ಉಳಿದದ್ದು ಎಣ್ಣೆ. ಮೊದಲು ಡಿಎಂಪಿ ಎಣ್ಣೆ, ಈಗ ಡಿಆರ್‌ಡಿಒ ತಯಾರಿಸಿದ ಡೆಪಾ ಎಣ್ಣೆ. ಹಚ್ಚಿಕೊಂಡರೆ ಕೆಲವು ಗಂಟೆ ರಕ್ಷಣೆ. ಬೆವರು ಹರಿಯುವ ಕೆಲಸದಲ್ಲಿ ಮಧ್ಯಾಹ್ನ ಮತ್ತೆ ಹಚ್ಚಬೇಕು. ಕಿಲೋ ಲೆಕ್ಕದಲ್ಲಿ ಹಣ್ಣು ಕುಯ್ಯುವವರು ಅಂಟು ಕೈಯಲ್ಲಿ ಗಿಡ ಹಿಡಿಯಲು ಇಷ್ಟಪಡುವುದಿಲ್ಲ, ಕೆಲಸ ನಿಲ್ಲಿಸಿ ಎರಡನೇ ಸಲ ಹಚ್ಚಿಕೊಳ್ಳುವ ಹೊತ್ತಿಗೆ ಯಾರೂ ಕೂಲಿ ಕೊಡುವುದಿಲ್ಲ. ಬಾಟಲಿ ಲೈನ್ ಮನೆಯ ಗೂಡಿನಲ್ಲಿ ಉಳಿದುಬಿಡುತ್ತದೆ.

ಇನ್ನು ಲಸಿಕೆ. ಒಂದು ತಿಂಗಳ ಅಂತರದಲ್ಲಿ ಎರಡು ಡೋಸ್, ಆರರಿಂದ ಒಂಬತ್ತು ತಿಂಗಳಿಗೆ ಬೂಸ್ಟರ್, ಆಮೇಲೂ ವರ್ಷಕ್ಕೊಂದು. ಚುಚ್ಚಿದ ಜಾಗ ಚೆನ್ನಾಗಿ ನೋಯುತ್ತಿತ್ತು, ಮರುದಿನ ಕೆಲಸಕ್ಕೆ ಹೋಗುವುದು ಕಷ್ಟ. 2005ರಿಂದ 2010ರವರೆಗಿನ ಅಂಕಿ ಅಂಶ ನೋಡಿದ ಒಂದು ಅಧ್ಯಯನದ ಪ್ರಕಾರ ಎರಡು ಡೋಸಿನಿಂದ ಸುಮಾರು ಶೇ 62, ಬೂಸ್ಟರ್ ಸೇರಿದರೆ ಸುಮಾರು ಶೇ 83 ರಕ್ಷಣೆ. ಆದರೆ ಅಷ್ಟೂ ಡೋಸ್ ಮುಗಿಸಿದವರು ಕಡಿಮೆ. ಲಸಿಕೆ ಹಾಕಿಸಿಕೊಂಡವರಿಗೂ ರೋಗ ಬಂದ ಸುದ್ದಿ ಹಳ್ಳಿಯಿಂದ ಹಳ್ಳಿಗೆ ಹೋಯಿತು. ನಂತರದ ಅಧ್ಯಯನಗಳೂ ಲಸಿಕೆಯ ಬಲದ ಬಗ್ಗೆ ಅನುಮಾನ ಎತ್ತಿದವು. 2022ರಲ್ಲಿ ಸರ್ಕಾರವೇ ಆ ಲಸಿಕೆಯನ್ನು ನಿಲ್ಲಿಸಿತು. ವರ್ಷಗಟ್ಟಲೆ ಜನರ ಹಿಂಜರಿಕೆಗೆ ಅಜ್ಞಾನ ಎಂದು ಹೆಸರಿಟ್ಟಿದ್ದೆವು. ಅದರಲ್ಲಿ ಒಂದು ಪಾಲು ಅನುಭವವೂ ಆಗಿತ್ತು ಎಂದು ಈಗ ಒಪ್ಪಲೇಬೇಕು. ಹೊಸ ಲಸಿಕೆಗೆ ಐಸಿಎಂಆರ್ ನೇತೃತ್ವದಲ್ಲಿ ಕೆಲಸ ನಡೆದಿದೆ. ಅದು ಹಳ್ಳಿಗೆ ಬಂದ ದಿನ ಹಳೆಯದರ ನೆನಪೂ ಜೊತೆಗೇ ಬರುತ್ತದೆ.

ಕೊರೊನಾ: ಊರ ಗಡಿಗೆ ಮರ ಉರುಳಿಸಿದ್ದು

2020ರ ಮಾರ್ಚ್ 24ರ ರಾತ್ರಿ ಲಾಕ್‌ಡೌನ್ ಘೋಷಣೆಯಾದಾಗ ಮಲೆನಾಡಿನ ಹಲವು ಹಳ್ಳಿಗಳು ಸರ್ಕಾರಕ್ಕಿಂತ ಒಂದು ಹೆಜ್ಜೆ ಮುಂದೆ ಹೋದವು. ರಸ್ತೆಗೆ ಮರ ಉರುಳಿಸಿ, ಮುಳ್ಳು ಹಾಕಿ, ಹೊರಗಿನವರಿಗೆ ಪ್ರವೇಶವಿಲ್ಲ ಎಂದು ಬೋರ್ಡ್ ಬರೆದು ಕಾವಲು ಕೂತರು. ಮಾರಿಯನ್ನು ಊರ ಗಡಿ ದಾಟಿಸುವ ರೂಢಿ ಇದ್ದ ನಾಡಿಗೆ ಗಡಿ ಕಾಯುವುದು ಹೊಸತಲ್ಲ. ಮೇ ಮೂರನೇ ವಾರದವರೆಗೂ ಚಿಕ್ಕಮಗಳೂರು ಜಿಲ್ಲೆಯಲ್ಲಿ ಒಂದೂ ಪ್ರಕರಣ ದಾಖಲಾಗಲಿಲ್ಲ. ರೋಗ ಇಲ್ಲದಿದ್ದಾಗ ಅಷ್ಟು ಕಟ್ಟುನಿಟ್ಟಾಗಿದ್ದ ಊರುಗಳು, ರೋಗ ಬಂದ ಮೇಲೆ, ಕುಯ್ಲಿನ ಹೊತ್ತಿಗೆ ಮಾಸ್ಕನ್ನು ಗದ್ದಕ್ಕೆ ಇಳಿಸಿದವು.

ಇದು ಬರೀ ಬೇಸರದ ಕತೆಯಲ್ಲ. ಗಡಿ ಮುಚ್ಚುವುದು ಊರಿನ ತೀರ್ಮಾನ, ಎಲ್ಲರಿಗೂ ಒಂದೇ ನಿಯಮ, ಮುರಿದವರು ಕಣ್ಣಿಗೆ ಬೀಳುತ್ತಾರೆ. ಪಡಿತರ ಬರುತ್ತಿತ್ತು. ಏಪ್ರಿಲ್ 15ರ ಮಾರ್ಗಸೂಚಿಯಲ್ಲಿ ಕಾಫಿ ತೋಟಗಳಿಗೆ ಅರ್ಧದಷ್ಟು ಕೆಲಸಗಾರರೊಂದಿಗೆ ಕೆಲಸ ನಡೆಸಲು ಅನುಮತಿಯೂ ಸಿಕ್ಕಿತು. ಮಾಸ್ಕಿನ ನಿಯಮ ಹಾಗಲ್ಲ. ಅದು ಒಬ್ಬೊಬ್ಬರ ಮುಖಕ್ಕೆ ಬಿಟ್ಟ ವಿಷಯ, ತಪ್ಪಿದರೆ ದಂಡ. 2020ರ ಸೆಪ್ಟೆಂಬರ್ ಕೊನೆಗೆ ರಾಜ್ಯ ಸರ್ಕಾರ ದಂಡವನ್ನು ನಗರದಲ್ಲಿ 1000, ಗ್ರಾಮೀಣ ಪ್ರದೇಶದಲ್ಲಿ 500 ರೂಪಾಯಿಗೆ ಏರಿಸಿತು. ವಾರ ಕಳೆಯುವುದರೊಳಗೆ ಜನರ ಸಿಟ್ಟು ನೋಡಿ 250 ಮತ್ತು 100ಕ್ಕೆ ಇಳಿಸಿತು. ರಾಜಕಾರಣಿಗಳ ಸಭೆಗಳಲ್ಲಿ ಮಾಸ್ಕ್ ಕಾಣದ ಫೋಟೊಗಳು ಅದೇ ದಿನಗಳಲ್ಲಿ ಮೊಬೈಲಿನಿಂದ ಮೊಬೈಲಿಗೆ ಓಡಾಡುತ್ತಿದ್ದವು. ತೋಳು ತೋರಿಸಿದ ರಾಣಿಯ ಲೆಕ್ಕ ಇಲ್ಲಿ ತಲೆಕೆಳಗಾಗಿತ್ತು.

ಹಳ್ಳಿಯಲ್ಲಿ ಜನ ಕಿವಿಗೊಟ್ಟದ್ದು ಆಶಾ ಕಾರ್ಯಕರ್ತೆಯರಿಗೆ. ಮಗುವಿನ ಚುಚ್ಚುಮದ್ದು, ಬಸುರಿಯ ತಪಾಸಣೆ ಎಂದು ಮೊದಲೇ ಮನೆಗೆ ಬಂದು ಹೋಗುತ್ತಿದ್ದ ಅಕ್ಕ ಅವಳು. ಹೇಳಿದ್ದು ತಪ್ಪಾದರೆ ನಾಳೆ ಅದೇ ದಾರಿಯಲ್ಲಿ ಎದುರಾಗಬೇಕಾದವಳು. ಆ 42 ಸಾವಿರ ಆಶಾ ಕಾರ್ಯಕರ್ತೆಯರು 2020ರ ಜುಲೈನಲ್ಲಿ ತಿಂಗಳಿಗೆ 12 ಸಾವಿರ ರೂಪಾಯಿ ಗೌರವಧನ ಮತ್ತು ಸುರಕ್ಷತಾ ಸಾಮಗ್ರಿ ಕೇಳಿ ಕೆಲಸ ನಿಲ್ಲಿಸಬೇಕಾಯಿತು. 177 ದೇಶಗಳ ಅಂಕಿ ಅಂಶ ಹೋಲಿಸಿ 2022ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂದ ಅಧ್ಯಯನವೊಂದು, ಸರ್ಕಾರದ ಮೇಲೆ ಮತ್ತು ಒಬ್ಬರ ಮೇಲೊಬ್ಬರಿಗೆ ನಂಬಿಕೆ ಹೆಚ್ಚಿದ್ದ ಕಡೆ ಕೊರೊನಾ ಸೋಂಕು ಕಡಿಮೆ ಇತ್ತು ಎಂದಿತು. ಆ ನಂಬಿಕೆಗೆ ನಮ್ಮ ಊರುಗಳಲ್ಲಿ ಗುಲಾಬಿ ಸೀರೆ ಉಟ್ಟು ಓಡಾಡುವ ಒಂದು ರೂಪವಿದೆ, ಅದಕ್ಕೆ ಸರಿಯಾದ ಸಂಬಳ ಇಲ್ಲ.

ಹಾಗಾದರೆ ಯಾವಾಗ ಕೇಳುತ್ತಾರೆ?

ಇಷ್ಟು ಕತೆಗಳನ್ನು ಪಕ್ಕಪಕ್ಕ ಇಟ್ಟರೆ ಕೆಲವು ಸಂಗತಿ ಎದ್ದು ಕಾಣುತ್ತವೆ. ಅಪಾಯದ ಗುರುತನ್ನು ಜನ ತಾವೇ ಓದುವಂತಿದ್ದರೆ ಕೇಳುತ್ತಾರೆ. ಕ್ರಮವು ಸಂಸಾರವನ್ನು ಒಡೆಯದಿದ್ದರೆ, ಮಾನ ಕಳೆಯದಿದ್ದರೆ ಕೇಳುತ್ತಾರೆ. ಹೇಳುವವರು ಪರಿಚಿತರಾಗಿದ್ದು, ತಾವೂ ಅದನ್ನೇ ಮಾಡುತ್ತಿದ್ದರೆ ಕೇಳುತ್ತಾರೆ. ಊರಿಗೆಲ್ಲ ಒಂದೇ ನಿಯಮ ಇದ್ದರೆ ಕೇಳುತ್ತಾರೆ. ಇವೆಲ್ಲ ಇದ್ದೂ ಆ ದಿನದ ಕೂಲಿ ಹೋಗುವುದಾದರೆ ಕೇಳುವುದಿಲ್ಲ. ದಂಡ ಮತ್ತು ಲಾಠಿಯಿಂದ ಕೆಲವು ದಿನದ ಶಿಸ್ತು ಬರುತ್ತದೆ, ಅದರ ಹಿಂದೆ ಗಂಜಾಂ ಬರುತ್ತದೆ.

ಮಂಗನ ಕಾಯಿಲೆಯ ವಿಷಯದಲ್ಲಿ ಇವುಗಳಲ್ಲಿ ಹೆಚ್ಚಿನವು ಈಗಲೂ ನಮ್ಮ ಕೈಯಲ್ಲಿವೆ. ಸತ್ತ ಮಂಗದ ಅರ್ಥ ಊರಿಗೆ ಗೊತ್ತು. ಆಶಾ ಅಕ್ಕ ಇದ್ದಾಳೆ. ತೋಟಗಳಲ್ಲಿ ಬೆಳಿಗ್ಗೆ ಹಾಜರಿ ಹಾಕುವ ರೈಟರ್, ಮೇಸ್ತ್ರಿ ಇದ್ದಾರೆ. ಇಲ್ಲದಿರುವುದು ಕೂಲಿಯ ಲೆಕ್ಕ. ಬೆಳಗಿನ ಹಾಜರಿಯ ಹೊತ್ತಿನಲ್ಲಿ, ಮಧ್ಯಾಹ್ನ ಊಟವಾದ ಮೇಲೆ ಎಲ್ಲರೂ ಒಟ್ಟಿಗೆ, ಮೇಸ್ತ್ರಿಯೂ ಸೇರಿ, ಎಣ್ಣೆ ಹಚ್ಚಿಕೊಳ್ಳುವ ಹತ್ತು ನಿಮಿಷವನ್ನು ಕೆಲಸದ ಸಮಯವೆಂದೇ ಎಣಿಸಿದರೆ ಬಾಟಲಿ ಗೂಡಿನಲ್ಲಿ ಉಳಿಯುವುದಿಲ್ಲ. ಸಂಜೆ ಲೈನ್ ಮನೆಯ ಬಚ್ಚಲಿಗೆ ಬಿಸಿನೀರು ಬೇಕು. ಆ ನೀರು ಕಾಯಿಸುವ ಸೌದೆಗಾಗಿ ಅವರು ಮತ್ತೆ ಕಾಡಿಗೇ ಹೋಗಬೇಕಾದರೆ ಸ್ನಾನ ಮಾಡಿ ಎಂಬ ಸಲಹೆಗೆ ಅರ್ಥವಿಲ್ಲ. ತೋಟದಲ್ಲೇ ನೆರಳು ಕಡಿದಾಗ ಬೀಳುವ ಸೌದೆಯಲ್ಲಿ ಒಂದು ಪಾಲು ಲೈನಿಗೆ ಬಿಟ್ಟುಕೊಟ್ಟರೆ ಎಷ್ಟೋ ಮಂದಿ ಕಾಡಿನ ದಾರಿ ತುಳಿಯಬೇಕಾಗಿಲ್ಲ. ಸತ್ತ ಮಂಗದ ಸುದ್ದಿ ಕೊಟ್ಟವರನ್ನು ಕಚೇರಿಯಿಂದ ಕಚೇರಿಗೆ ಅಲೆಸದೆ, ಅದೇ ದಿನ ಬಂದು ಔಷಧ ಹೊಡೆದರೆ ಮುಂದಿನ ಸಲ ಅವರು ತಾವಾಗಿಯೇ ಫೋನ್ ಮಾಡುತ್ತಾರೆ.

ಇದಕ್ಕೆಲ್ಲ ತಗಲುವ ಖರ್ಚು ಯಾರದ್ದು, ತೋಟದ ಮಾಲೀಕರದ್ದೋ ಇಲಾಖೆಯದ್ದೋ ಪಂಚಾಯಿತಿಯದ್ದೋ ಎಂಬ ಚರ್ಚೆ ಕುಯ್ಲಿಗೆ ಮೊದಲೇ, ಮಳೆ ನಿಂತ ಅಕ್ಟೋಬರ್‌ನಲ್ಲೇ ಗ್ರಾಮಸಭೆಗಳಲ್ಲಿ ಆಗಬೇಕು. ಪ್ಲೇಗಿನ ಕಾಲದಲ್ಲಿ ಗುಡಿಸಲಿಗೆ ತಡಿಕೆ ಯಾರು ತರಬೇಕು, ಕಾವಲು ಯಾರು ಕೂರಬೇಕು ಎಂದು ಊರು ಕೂತು ತೀರ್ಮಾನಿಸುತ್ತಿತ್ತು. ಡಿಸೆಂಬರ್‌ನಲ್ಲಿ ಮೊದಲ ಮಂಗ ಸತ್ತ ಮೇಲೆ ಈ ಮಾತು ಶುರು ಮಾಡಿದರೆ, ಅಷ್ಟರಲ್ಲಿ ಹಣ್ಣು ಕೆಂಪಾಗಿರುತ್ತದೆ, ಯಾರಿಗೂ ಕೂರುವಷ್ಟು ಪುರುಸೊತ್ತು ಇರುವುದಿಲ್ಲ.